ತಟ್ಟೆ ತಡೆದ ಕೈ

ಸೂಳಗಿರಿಯ ಆವುಲಪ್ಪನವರ ಜಗಲಿಯ ಮೇಲೆ ಕೂತೆದ್ದ ಕಾಲೇಜು ಮೇಷ್ಟರುಗಳಲ್ಲಿ ಪ್ರಿನ್ಸಿಪಾಲರಾಗದೆ ಉಳಿದವರು ಇಬ್ಬರೇ. ಒಬ್ಬಳು ಅವರ ತಂಗಿಯ ಮಗಳು ಮುನಿರತ್ನಮ್ಮ. ಇನ್ನೊಬ್ಬರು ಸ್ವತಃ ಆವುಲಪ್ಪನವರು.

ಇದನ್ನು ಹೇಳಿಕೊಂಡು ನಗುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ನಕ್ಕವರ ಮನೆಯ ಮಗನೋ ಅಳಿಯನೋ ಎಲ್ಲಾದರೂ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದನೆಂದರೆ ಭಾನುವಾರ ಬೆಳಿಗ್ಗೆ ಅವನನ್ನೂ ಅದೇ ಜಗಲಿಗೆ ಅಟ್ಟುತ್ತಿದ್ದರು. ಆವುಲಪ್ಪನವರು ಸೇಲಮ್ಮಿನ ಒಂದು ಕಾಲೇಜಿನಲ್ಲಿ ಬಹುಕಾಲ ವೈಸ್ ಪ್ರಿನ್ಸಿಪಾಲರಾಗಿದ್ದು, ಪಿಂಚಣಿಯ ಮೇಲೆ ಊರಿಗೆ ಬಂದು ರಾಗಿ, ಹುರುಳಿ, ನಾಲ್ಕು ಮಾವಿನ ಮರ ಅಂತ ಇದ್ದವರು. ಬಂದ ಹುಡುಗರನ್ನು ಕೂರಿಸಿಕೊಂಡು, ಮುದ್ದೆ ಹಾಕಿಸಿ, ಮೇಲೆ ಬರುವ ದಾರಿ ಹೇಳುತ್ತಿದ್ದರು.

"ಸ್ಟಾಫ್ ರೂಮಲ್ಲಿ ಇಲ್ಲದೋನ ಸುದ್ದಿ ಎತ್ತಬೇಡ. ನಿನ್ನ ಪಾಠ ಚೆನ್ನಾಗಿ ಆದ್ರೆ ಸಾಲ್ದು ಕಣಪ್ಪ, ಪಕ್ಕದ ರೂಮಿನ ಪಾಠಾನೂ ಚೆನ್ನಾಗಿ ಆಗ್ಲಿ ಅನ್ನೋ ಆಸೆ ಇರ್ಬೇಕು. ಗಂಟೆ ಹೊಡೆಯೋನ ಮನೇಲಿ ಮದುವೆ ಅಂದ್ರೆ ಮೊದ್ಲು ಹೋಗಿ ಕೂತ್ಕೊಳೋನು ನೀನೇ ಆಗ್ಬೇಕು. ಹುಡುಗ್ರು ಗಲಾಟೆ ಮಾಡ್ದಾಗ ನಿಂತ್ಕೊಂಡು ಕೂಗಾಡಬೇಡ. ಒಂದು ಬೆಂಚ್ ಎಳಕೊಂಡು ಕೂತ್ಕೊ. ನೀನು ಕೂತ್ರೆ ಅವ್ರೂ ಕೂತ್ಕತಾರೆ."

ಹೀಗೆ ಒಂದಕ್ಕಿಂತ ಒಂದು ಚೆನ್ನಾದ ಮಾತುಗಳು. ಕೊನೆಗೆ ಧ್ವನಿ ತಗ್ಗಿಸಿ, ಎಲ್ಲಕ್ಕಿಂತ ದೊಡ್ಡದು ಅನ್ನುವಂತೆ ಇನ್ನೊಂದು ಮಾತು: "ದೊಡ್ಡ ಜಾಗ ಕೇಳಿ ತಗೊಳ್ಳೋದಲ್ಲ. ಅದು ತಟ್ಟೇಲಿ ಬರ್ಬೇಕು."

ಸೂಕ್ಷ್ಮ ಇರುವುದು ಇಲ್ಲೇ. ವೆಲ್ಲೂರು, ತಿರುಚ್ಚಿ, ಅನಂತಪುರ ಅಂತ ಪ್ರಿನ್ಸಿಪಾಲರಾಗಿ ಹೋದವರೆಲ್ಲ ಆವುಲಪ್ಪನವರ ಮಾತುಗಳನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದವರೇ. ಈ ಕೊನೆಯ ಮಾತೊಂದನ್ನು ಮಾತ್ರ ಜಗಲಿಯ ಮೇಲೇ ಬಿಟ್ಟು, ಸೀದಾ ಹೋಗಿ ಅರ್ಜಿ ಹಾಕಿದವರು.

ತಟ್ಟೆಯ ವಿಚಾರ ಆ ಹಳ್ಳಿಗಳ ಹಳೆಯ ಮನೆತನಗಳದ್ದು. ಮದುವೆಯಾಗಲಿ ಪಂಚಾಯಿತಿಯಾಗಲಿ, ಮಾತು ಮುಗಿಯಿತು ಅನ್ನಬೇಕಾದರೆ ವೀಳ್ಯ ಹಂಚಬೇಕು. ಮೊದಲ ವೀಳ್ಯ ಯಾರ ಕೈಗೆ ಬಂತೋ ಅವನೇ ಯಜಮಾನ. ಯಜಮಾನಿಕೆಯನ್ನು ಬಾಯಿಬಿಟ್ಟು ಕೇಳುವುದೆಂದರೆ ಮರ್ಯಾದೆಗೆಟ್ಟ ಕೆಲಸ. ಊರಿನವರೇ ತಟ್ಟೆ ಹಿಡಿದು ಮನೆಗೆ ಬರಬೇಕು. ಹಾಗಂತ ಆ ಹಿರಿಯರು ದಡ್ಡರೇನಲ್ಲ, ತಪ್ಪು ಕೈಗೆ ವೀಳ್ಯ ಹೋಗುವುದು ಉಂಟೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಒಂದು ದಾರಿ ಇಟ್ಟಿದ್ದರು. ತನಗೆ ಸಲ್ಲಬೇಕಾದ್ದು ತಪ್ಪಿತು ಅನ್ನಿಸಿದವನು ಎದ್ದು ಬಂದು ತಟ್ಟೆಯ ಮೇಲೆ ಅಂಗೈ ಅಡ್ಡ ಇಡಬಹುದು. ಅದಕ್ಕೆ ತಟ್ಟೆ ತಡೆಯುವುದು ಅನ್ನುತ್ತಿದ್ದರು. ಕೈ ಬಿತ್ತೆಂದರೆ ಸಭೆ ಅಲ್ಲಿಗೆ ನಿಂತಿತು. ಅವನ ಮಾತು ಕೇಳಿ ಜವಾಬು ಹೇಳುವ ತನಕ ಒಬ್ಬರೂ ಎಲೆ ಮುಟ್ಟುವಂತಿಲ್ಲ.

ಆವುಲಪ್ಪನವರು ಸೇಲಮ್ಮಿನಲ್ಲಿ ಮಾಡಿದ್ದೇನೆಂದರೆ, ಕಾಲೇಜಿನ ಪ್ರಿನ್ಸಿಪಾಲರು ನಿವೃತ್ತರಾದ ವರ್ಷ ಮನೆಗೆ ಸುಣ್ಣ ಬಳಿಸಿ, ಹೆಂಡತಿ ಪಿಳ್ಳಮ್ಮನ ಕೈಲಿ ಹಿತ್ತಾಳೆಯ ವೀಳ್ಯದ ತಟ್ಟೆ ಬೆಳಗಿಸಿ, ಕಾಲೇಜಿನ ಆಡಳಿತದವರು ಬರುತ್ತಾರೆಂದು ಕಾದು ಕೂತರು. ಸೇಲಮ್ಮಿನ ಆ ಜನಕ್ಕೆ ತಟ್ಟೆಯೂ ಗೊತ್ತಿಲ್ಲ, ಜಗಲಿಯೂ ಗೊತ್ತಿಲ್ಲ. ಅರ್ಜಿ ಹಾಕಿದವರಲ್ಲಿ ಒಬ್ಬರನ್ನು ಆರಿಸಿ ಕೂರಿಸಿದರು. ಅಂದಿನಿಂದ ಆವುಲಪ್ಪನವರು ಯಾವ ಸಭೆಯಲ್ಲೂ ವೀಳ್ಯ ಹಾಕಿಕೊಂಡವರಲ್ಲ. ಕೇಳಿದರೆ ಹಲ್ಲು ಸರಿಯಿಲ್ಲ ಅನ್ನುತ್ತಿದ್ದರು. ಹುರಿದ ಹುರುಳಿಯನ್ನು ಕಟಕಟನೆ ಕಡಿಯುವ ಹಲ್ಲು ವೀಳ್ಯದೆಲೆಗೆ ಹೇಗೆ ಸೋಲುತ್ತದೆಂದು ಪಿಳ್ಳಮ್ಮ ಒಂದು ದಿನವೂ ಕೇಳಲಿಲ್ಲ. ಕೇಳಿ ನೋಯಿಸುವ ಹೆಂಗಸಲ್ಲ ಅವಳು.

ಇಂಥ ಮಾವನ ಕೈಯಲ್ಲಿ ಬೆಳೆದವಳು ಮುನಿರತ್ನಮ್ಮ. ಅಪ್ಪ ಇಲ್ಲದ ಹುಡುಗಿಯನ್ನು ಮಾವನೇ ಮದರಾಸಿಗೆ ಕಳಿಸಿ ಎಂ.ಎ. ತನಕ ಓದಿಸಿದ್ದರು, ಸಸ್ಯಶಾಸ್ತ್ರದಲ್ಲಿ; ಆಗ ಅದಕ್ಕೂ ಎಂ.ಎ. ಪದವಿಯೇ. ಮದುವೆಯಾದ ರಾಮಕೃಷ್ಣಪ್ಪ ಹೊಸೂರಿನ ದನದ ಫಾರಮ್ಮಿನಲ್ಲಿ ಡಾಕ್ಟರು. ಹೊಸೂರಿನಲ್ಲಿ ಹುಣಸೆ ಮಂಡಿಯ ರಾಮಾಂಜಿನಪ್ಪನವರು ತಮ್ಮ ಹಳೆಯ ಗೋದಾಮು ಬಿಟ್ಟುಕೊಟ್ಟು ಒಂದು ಇಂಟರ್‌ಮೀಡಿಯೆಟ್ ಕಾಲೇಜು ತೆರೆದಾಗ ಅವಳು ಅಲ್ಲಿ ಲೆಕ್ಚರರಾಗಿ ಸೇರಿದಳು. ಮೊದಲ ಪ್ರಿನ್ಸಿಪಾಲರಿಗೆ ಹುಣಸೆಯ ವಾಸನೆ ಹಿಡಿಸಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಮದರಾಸಿನಲ್ಲಿ ಕೆಲಸ ನೋಡಿಕೊಂಡು ಹೊರಟುಹೋದರು. ಹಿರಿಯಳೆಂದು ಉಸ್ತುವಾರಿ ಮುನಿರತ್ನಮ್ಮನ ಕೈಗೆ ಬಂತು. ಕುರ್ಚಿ ಅವಳದಲ್ಲ, ಕೆಲಸವೆಲ್ಲ ಅವಳದು.

ಆ ಕೆಲಸವನ್ನು ಅವಳು ಮಾಡಿದ ರೀತಿ ನೋಡಬೇಕು. ಜೂಜುವಾಡಿ ಕಡೆಯಿಂದ, ಸೂಳಗಿರಿ ಕಡೆಯಿಂದ ಬರುವ ಹುಡುಗರು ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸನ್ನು ನಂಬಿದವರು. ಆ ಬಸ್ಸು ಏರಿನಲ್ಲಿ ಕೆಮ್ಮಿಕೊಂಡು ನಿಂತರೆ ಮೊದಲ ಪಾಠ ಹೋಯಿತು. ಅವಳು ಕಾಲೇಜಿನ ಗಂಟೆಯನ್ನೇ ಬಸ್ಸಿಗೆ ಕಟ್ಟಿಹಾಕಿದಳು. ಬಸ್ಸು ಬಂದ ಮೇಲೆ ಗಂಟೆ, ತಡವಾದಷ್ಟನ್ನು ಸಂಜೆ ತುಂಬಿಕೊಡಬೇಕು. ತಮಿಳು ಪಂಡಿತರೂ ತೆಲುಗು ಪಂಡಿತರೂ ಒಂದೇ ಕೋಣೆಗಾಗಿ ಕಿತ್ತಾಡಿಕೊಂಡಾಗ ಬೆಂಚ್ ಎಳೆದುಕೊಂಡು ಇಬ್ಬರ ನಡುವೆ ಕೂತುಬಿಟ್ಟಳು. ಮಾವ ಹೇಳಿದ್ದು ಸುಳ್ಳಾಗಲಿಲ್ಲ, ಅವರೂ ಕೂತರು. ಯೂನಿವರ್ಸಿಟಿಯ ಕಮಿಷನ್ನಿನವರು ತಪಾಸಣೆಗೆ ಬಂದು, ಗೋದಾಮಿನಲ್ಲಿ ಕಾಲೇಜೇ ಎಂದು ಹುಬ್ಬು ಹಾರಿಸಿದವರು, ಹೋಗುವಾಗ ಇನ್ನೆರಡು ವರ್ಷದ ಮಾನ್ಯತೆ ಕೊಟ್ಟು ಹೋದರು.

ಹೀಗಿರುವಾಗ, ಶುಕ್ರವಾರ ಕಮಿಟಿ ಸೇರಿ ಕಾಯಂ ಪ್ರಿನ್ಸಿಪಾಲರನ್ನು ಗೊತ್ತುಮಾಡುತ್ತದೆ ಅನ್ನುವ ಸುದ್ದಿ ಬಂತು. ಆ ಜಾಗ ತನ್ನದೇ ಅನ್ನುವುದರಲ್ಲಿ ಮುನಿರತ್ನಮ್ಮನಿಗೆ ಸಂದೇಹವೇ ಇರಲಿಲ್ಲ. ಆಸೆಯೂ ಇತ್ತು, ಸಣ್ಣ ಆಸೆಯಲ್ಲ. ಸಸ್ಯಶಾಸ್ತ್ರಕ್ಕೆ ಒಂದು ತೋಟ, ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ಲು, ಎಲ್ಲವೂ ಅವಳ ತಲೆಯೊಳಗೆ ಆಗಲೇ ಕಟ್ಟಿ ಮುಗಿದಿದ್ದವು. ಭಾನುವಾರ ಸೂಳಗಿರಿಗೆ ಹೋದಳು.

"ಮಾವ, ರಾಮಾಂಜಿನಪ್ಪನೋರ ಹತ್ರ ನಾನೇ ಒಂದು ಮಾತು ಆಡ್ಲಾ?"

ಆವುಲಪ್ಪನವರು ಹುರುಳಿ ಕಡಿಯುವುದನ್ನು ನಿಲ್ಲಿಸಿದರು. "ನಮ್ಮ ಮನೆತನದಲ್ಲಿ ಯಾರಾನ ಕೇಳವ್ರಾ? ಸುಮ್ಕಿರವ್ವ. ಹೋದ ತಿಂಗಳು ಸಂತೇಲಿ ಅವನೇ ನನ್ನ ವಿಚಾರಿಸ್ದ. ಹೇಳ್ಬೇಕಾದ್ದು ಹೇಳಿವ್ನಿ. ತಟ್ಟೆ ಬತ್ತದೆ."

"ಏನಂತ ಹೇಳಿದ್ರಿ?"

"ಹೇಳ್ಬೇಕಾದ್ದೇ," ಅಂದು ಅವರು ಮತ್ತೆ ಹುರುಳಿಗೆ ಕೈ ಹಾಕಿದರು.

ಒಳಗೆ ಪಿಳ್ಳಮ್ಮ ಒಲೆ ಊದುತ್ತಿದ್ದವಳು ತಲೆ ಎತ್ತಿ ಸೊಸೆಯಂಥ ಆ ಹುಡುಗಿಯನ್ನೇ ನೋಡಿದಳು. "ನಾನ್ ಕೊಟ್ಟ ತಟ್ಟೆ ಇಟ್ಟಿದ್ದೀಯೇನಮ್ಮಿ?" ಅಂದಳು. ಸೇಲಮ್ಮಿನಲ್ಲಿ ಬೆಳಗಿಸಿಟ್ಟ ಆ ಹಿತ್ತಾಳೆಯ ತಟ್ಟೆಯನ್ನೇ ಅವಳು ಮುನಿರತ್ನಮ್ಮನ ಮದುವೆಯಲ್ಲಿ ಕೊಟ್ಟಿದ್ದಳು. "ಇದೆ ಅತ್ತೆ," ಅಂದಳು ಮುನಿರತ್ನಮ್ಮ. ಪಿಳ್ಳಮ್ಮ ಮತ್ತೆ ಒಲೆ ಊದಿದಳು.

ಗುರುವಾರ ಮಧ್ಯಾಹ್ನ ರಾಮಾಂಜಿನಪ್ಪನವರು ಕಾಲೇಜಿಗೆ ಬಂದರು. ದೊಡ್ಡ ಹೊಟ್ಟೆ, ದೊಡ್ಡ ಧ್ವನಿ, ದೊಡ್ಡ ಮನಸ್ಸು, ಮೂರೂ ಇದ್ದ ಮನುಷ್ಯ. ಮುನಿರತ್ನಮ್ಮ ಎದ್ದು ನಿಂತಳು.

"ಟೀಚರಮ್ಮ, ನಾಳೆ ಹೊಸ ಪ್ರಿನ್ಸಿಪಾಲ್ರು ಬತ್ತಾವ್ರೆ," ಅಂದರು ಅವರು ನಗುತ್ತ. "ಕೊಂಡಪ್ಪ ಅಂತ. ಕೃಷ್ಣಗಿರಿ ಕಡೆಯೋರೇ, ಕೊಯಮತ್ತೂರ್ನಲ್ಲಿ ಲೆಕ್ಚರರು. ಒಳ್ಳೆ ಮನುಷ್ಯ. ವೀಳ್ಯದ ತಟ್ಟೆ ನೀವೇ ಜೋಡಿಸ್ಬೇಕಮ್ಮ, ನಿಮ್ಮ ಕೈ ಲಕ್ಷಣವಾಗಿರ್ತದೆ. ನಿಮ್ಗೂ ಈ ತಾಪತ್ರಯ ತಪ್ತು ನೋಡಿ. ಆರಾಮಾಗಿ ನಿಮ್ಮ ಗಿಡದ ಪಾಠ ಮಾಡ್ಕಂಡಿರ್ಬೋದು."

ಅವರ ಮುಖದಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಕಪಟ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. "ಆಗಲಿ" ಅಂದಳು.

ಮನೆಗೆ ಬಂದು ಹಿತ್ತಲಲ್ಲಿ ಕೂತು ಚೆನ್ನಾಗಿ ಅತ್ತಳು. ಸಂಜೆ ದನದ ಫಾರಮ್ಮಿನಿಂದ ಬಂದ ರಾಮಕೃಷ್ಣಪ್ಪ ಎಲ್ಲವನ್ನೂ ಕೇಳಿ, "ನಿನಗೆ ಬೇಕು ಅಂತ ಅವ್ರಿಗೆ ಗೊತ್ತಾ?" ಅಂದ.

"ಇಷ್ಟು ಕೆಲಸ ಮಾಡ್ದೋಳಿಗೆ ಬೇಡ ಅಂತ ಯಾರಾದ್ರೂ ತಿಳ್ಕತಾರಾ?"

"ನಾನು ಕೇಳಿದ್ದು ಅದಲ್ಲ," ಅಂದು ಅವನು ಕೈಕಾಲು ತೊಳೆಯಲು ಹೋದ. ದನಗಳ ಡಾಕ್ಟರು, ಹೆಚ್ಚು ಮಾತಿನವನಲ್ಲ.

ಅತ್ತು ಮುಗಿದ ಮೇಲೆ ತಟ್ಟೆ ಬೆಳಗಬೇಕಲ್ಲ. ಅಟ್ಟದಿಂದ ಹಿತ್ತಾಳೆ ತಟ್ಟೆ ಇಳಿಸಿ ಹುಣಸೆಹಣ್ಣು ಹಚ್ಚಿ ಉಜ್ಜತೊಡಗಿದಳು. ಉಜ್ಜಿದಷ್ಟೂ ಸಿಟ್ಟು ಏರಿತು. ಮೊದಲು ರಾಮಾಂಜಿನಪ್ಪನವರ ಮೇಲೆ, ಆಮೇಲೆ ಕಂಡೇ ಇಲ್ಲದ ಕೊಂಡಪ್ಪನ ಮೇಲೆ, ಕೊನೆಗೆ ಯಾರಿಗಾಗಿಯೂ ವೀಳ್ಯ ಹೊರದೆ ಇಷ್ಟು ವರ್ಷ ಸುಮ್ಮನೆ ಕೂತಿದ್ದ ಈ ತಟ್ಟೆಯ ಮೇಲೇ. ಅತ್ತೆ ಇದನ್ನು ತನಗೆ ಯಾಕೆ ಕೊಟ್ಟಳು? ಇದು ಮನೆಗೆ ನಡೆದು ಬರುವುದಿಲ್ಲ ಅನ್ನುವುದನ್ನು ಆ ಮನೆಯಲ್ಲಿ ಚೆನ್ನಾಗಿ ಬಲ್ಲವಳು ಅವಳೊಬ್ಬಳೇ.

ಆಗ ತಾತ ದೊಡ್ಡವೆಂಕಟಪ್ಪ ನೆನಪಾದ. ಅವಳು ಚಿಕ್ಕವಳಿದ್ದಾಗ ಜೂಜುವಾಡಿಯ ಒಂದು ಮದುವೆಯಲ್ಲಿ ಮೊದಲ ವೀಳ್ಯ ಬೇರೆಯವರಿಗೆ ಹೊರಟಾಗ ತಾತ ನಿಧಾನಕ್ಕೆ ಎದ್ದು, ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ತಟ್ಟೆಯ ಮೇಲೆ ಕೈ ಇಟ್ಟಿದ್ದ. ಕೂಗಲಿಲ್ಲ, ಬೇಡಲಿಲ್ಲ. ವೀಳ್ಯ ಹಂಚುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಮನೆತನದಲ್ಲಿ ಯಾರೂ ಕೇಳಿದವರಿಲ್ಲ ಅಂತ ಮಾವ ಹೇಳುವುದು ಪೂರ್ತಿ ನಿಜವಲ್ಲ. ಮಾವನ ಅಪ್ಪನೇ ತಟ್ಟೆ ತಡೆದಿದ್ದ! ಮುನಿರತ್ನಮ್ಮ ಕಣ್ಣೊರೆಸಿಕೊಂಡು ತಟ್ಟೆಯನ್ನು ಇನ್ನೂ ಬಿರುಸಾಗಿ ಉಜ್ಜಿದಳು. ಊಟ ಚೆನ್ನಾಗಿ ಸೇರಿತು, ನಿದ್ದೆಯೂ ಬಂತು.

ಶುಕ್ರವಾರ ಗೋದಾಮಿನ ದೊಡ್ಡ ಕೋಣೆಯಲ್ಲಿ ಜಮಖಾನ ಹಾಸಿತ್ತು. ನಡುವೆ ರಾಮಾಂಜಿನಪ್ಪನವರು, ಅಕ್ಕಪಕ್ಕ ಕಮಿಟಿಯ ಜಮೀನುದಾರರು, ಮಂಡಿಯವರು. ಓದಿದವರು ಒಬ್ಬರಾದರೂ ಇರಲಿ ಎಂದು ಕಮಿಟಿಗೆ ಸೇರಿಸಿಕೊಂಡಿದ್ದ ಆವುಲಪ್ಪನವರು ಜರಿ ಪೇಟ ಸುತ್ತಿಕೊಂಡು ಬಂದಿದ್ದರು, ಸೋದರಸೊಸೆಗೆ ತಟ್ಟೆ ಬರುವುದನ್ನು ಕಣ್ಣಾರೆ ನೋಡಲು. ಒಂದು ಕಡೆ ಮಡಿಕೆ ಮುರಿಯದ ಕೋಟು ಹಾಕಿದ ಅಪರಿಚಿತ ಕೂತಿದ್ದುದನ್ನು ಕಂಡು ಯಾರೋ ಇನ್‌ಸ್ಪೆಕ್ಟರಿರಬೇಕು ಅಂದುಕೊಂಡರು; ಕೊಂಡಪ್ಪನ ಸುದ್ದಿ ಸೂಳಗಿರಿಗೆ ಇನ್ನೂ ಮುಟ್ಟಿರಲಿಲ್ಲ. ಕಾಲೇಜಿನ ಮೇಷ್ಟರುಗಳು ಬಾಗಿಲ ಬಳಿ ನಿಂತಿದ್ದರು.

ರಾಮಾಂಜಿನಪ್ಪನವರು ಕನ್ನಡದಲ್ಲಿ ಶುರುಮಾಡಿ, ತೆಲುಗಿಗೆ ಹಾರಿ, ತಮಿಳಿನಲ್ಲಿ ಮುಗಿಸಿದರು. ಕೊಂಡಪ್ಪನವರು ಪ್ರಿನ್ಸಿಪಾಲರಾಗಿ ಬರಲು ಒಪ್ಪಿದ್ದಾರೆ, ಎಲ್ಲರೂ ವೀಳ್ಯ ತಗೊಂಡು ಮಾತು ಮುಗಿಸೋಣ. ಆವುಲಪ್ಪನವರು ಕೋಟು ಹಾಕಿದ ಅಪರಿಚಿತನ ಕಡೆ ತಿರುಗಿ ನೋಡಿದರು.

ಮುನಿರತ್ನಮ್ಮ ತಟ್ಟೆ ತಂದು ನಡುವೆ ಇಟ್ಟಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಎಲ್ಲ ಲಕ್ಷಣವಾಗಿತ್ತು. ಮೊದಲ ವೀಳ್ಯ ಕೊಂಡಪ್ಪನಿಗೆ ಕೊಡಲು ರಾಮಾಂಜಿನಪ್ಪನವರು ಎಲೆಗೆ ಕೈ ಚಾಚಿದರು. ಆಗ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟಳು.

ಕಮಿಟಿಯ ವೆಂಕಟೇಶಪ್ಪ ಸಿಡುಕಿದ: "ಹೆಣ್ಮಕ್ಳು ತಟ್ಟೆ ತಡೆಯೋದು ಎಲ್ಲಾನ ಉಂಟಾ?"

ರಾಮಾಂಜಿನಪ್ಪನವರು ಚಾಚಿದ ಕೈ ಹಿಂದಕ್ಕೆ ತಗೊಂಡರು. ಅವರು ಕಾಲೇಜಿನ ಅಧ್ಯಕ್ಷರಾಗುವುದಕ್ಕೆ ಎಷ್ಟೋ ಮೊದಲೇ ಹಳ್ಳಿಯ ಯಜಮಾನರು. "ಕೈ ಬಿದ್ದ ಮೇಲೆ ಕೈ ಯಾರ್ದು ಅಂತ ಕೇಳೋ ಪದ್ಧತಿ ಇಲ್ಲ, ವೆಂಕಟೇಶಪ್ಪ. ಮಾತೇನು ಅಂತ ಕೇಳ್ಬೇಕು," ಅಂದರು. ಮುನಿರತ್ನಮ್ಮನ ಕಡೆ ತಿರುಗಿದಾಗ ಟೀಚರಮ್ಮ ಅನ್ನಲಿಲ್ಲ. "ಹೇಳು ತಾಯಿ. ಏನು ನಿನ್ನ ಮಾತು?"

"ಈ ಜಾಗ ನನಗೆ ಬೇಕು," ಅಂದಳು ಮುನಿರತ್ನಮ್ಮ.

ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ ಉಳಿದದ್ದೆಲ್ಲ ತಾನಾಗಿ ಬಂತು. "ಒಂದು ವರ್ಷದಿಂದ ನಾನು ಈ ಕೆಲಸ ಮಾಡ್ತಿದ್ದೀನಿ. ಬಸ್ಸಿಗೆ ಗಂಟೆ ಹೊಂದಿಸಿದಾಗ ನೀವೇ ಬೈಯೋಕೆ ಬಂದ್ರಿ. ಹಿಂದಿನ ಬೆಂಚಲ್ಲಿ ಕೂತು ಪಾಠ ಕೇಳಿ, ಬೈಯದೇನೇ ಹೋದ್ರಿ. ಕಮಿಷನ್ನಿನೋರು ಕೇಳಿದ್ದಕ್ಕೆಲ್ಲ ಉತ್ರ ಕೊಟ್ಟೋಳು ನಾನು. ಮುಂದಿನ ವರ್ಷ ಹೆಣ್ಮಕ್ಳಿಗೆ ಹಾಸ್ಟೆಲ್ ಆಗ್ಬೇಕು. ಯಾವ ಊರಿಂದ ಯಾರ ಮಗಳು ಬತ್ತಾಳೆ ಅಂತ ನನಗೆ ಗೊತ್ತು, ಅವರ ಅಪ್ಪಂದಿರು ನನ್ನ ಮುಖ ನೋಡಿ ಕಳಿಸ್ತೀನಿ ಅಂದವ್ರೆ. ತಾಪತ್ರಯ ತಪ್ತು ಅಂದ್ರಿ ನೀವು. ನನಗೆ ಈ ತಾಪತ್ರಯ ಬೇಕು. ನಾನಿದನ್ನ ಚೆನ್ನಾಗಿ ಮಾಡ್ತೀನಿ."

ರಾಮಾಂಜಿನಪ್ಪನವರು ಬೆಪ್ಪಾಗಿ ಬಾಯಿ ತೆರೆದರು. "ಅಲ್ಲಮ್ಮ, ನಿನಗೆ ಬೇಡ ಅಂತ ನಿಮ್ಮ ಮಾವನೇ ಅಂದ್ರಲ್ಲ! ಸಂತೇಲಿ ಕೇಳಿದ್ನಲ್ಲ ನಾನು, ನಿಮ್ಮ ಹುಡುಗಿಗೆ ಈ ಜಾಗದ ಮೇಲೆ ಮನಸ್ಸುಂಟಾ ಅಂತ."

ಎಲ್ಲರ ಕಣ್ಣೂ ಆವುಲಪ್ಪನವರ ಪೇಟದ ಮೇಲೆ ಬಿದ್ದವು.

"ನಾನೆಲ್ಲಿ ಬೇಡ ಅಂದೆ?" ಅಂದರು ಅವರು ತಡವರಿಸುತ್ತ. "ನಾವು ಕೇಳೋ ಜನ ಅಲ್ಲ ಅಂದೆ."

"ನಾನೇ ಬಂದು ಕೇಳ್ದಾಗ್ಲೂ ಬೇಕು ಅನ್ದೇ ಹೋದ್ರೆ, ಬೇಡ ಅಂತ್ಲೇ ಅಲ್ವಾ ಸ್ವಾಮಿ?"

ಆವುಲಪ್ಪನವರು ಎದುರಿನ ಗೋಡೆ ನೋಡಿದರು. ಸೇಲಮ್ಮಿನ ಸುಣ್ಣ ಬಳಿದ ಗೋಡೆ ಅವರ ಕಣ್ಮುಂದೆ ನಿಂತಿತ್ತೋ ಏನೋ. ಅವರ ಮುಖ ನೋಡಿ ಮುನಿರತ್ನಮ್ಮನಿಗೆ ನಿನ್ನೆಯ ಸಿಟ್ಟೆಲ್ಲ ಇಳಿಯಿತು. ಆದರೆ ಕೈ ಮಾತ್ರ ತಟ್ಟೆಯಿಂದ ತೆಗೆಯಲಿಲ್ಲ.

ಕೊಂಡಪ್ಪ ಮೊದಲ ಸಲ ಬಾಯಿಬಿಟ್ಟ. "ಯಾರಿಗೂ ಬೇಡವಾದ ಜಾಗ ಅಂತ ನನ್ನ ಕರೆದ್ರು. ಮೊದಲೇ ತಿಳಿಸಿದ್ರೆ ಕೊಯಮತ್ತೂರಿಂದ ಬರೋದಾದ್ರೂ ತಪ್ತಿತ್ತು," ಅಂದ ಸ್ವಲ್ಪ ಕಹಿಯಾಗಿ. ಆಮೇಲೆ ಸಾವರಿಸಿಕೊಂಡ. "ಬಂದಿದ್ದೀನಿ, ನನಗೂ ಜಾಗ ಬೇಕು. ಆದ್ರೆ ಇವರು ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ಹೇಳಲಾರೆ. ನನಗಿನ್ನೂ ಈ ಊರಿನ ಬಸ್ಸೂ ಗೊತ್ತಿಲ್ಲ."

ವೆಂಕಟೇಶಪ್ಪ ಬಿಡಲಿಲ್ಲ. "ಗಂಡಸರು ಮೇಷ್ಟ್ರುಗಳು. ಹೆಂಗಸಿನ ಮಾತು ಕೇಳ್ಕಂಡು ನಡೀತಾರಾ ಅನ್ನೋದೂ ಒಂದಿದೆ."

"ಅಲ್ಲೇ ನಿಂತವ್ರೆ. ಅವ್ರನ್ನೇ ಕೇಳಿ," ಅಂದಳು ಮುನಿರತ್ನಮ್ಮ. ಅವರೇನು ಹೇಳುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೂ ಅಳುಕಲಿಲ್ಲ.

ರಾಮಾಂಜಿನಪ್ಪನವರು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ, ಕೋಣೆಗಾಗಿ ಎಲ್ಲರಿಗಿಂತ ಹೆಚ್ಚು ಕಿತ್ತಾಡಿದ್ದ ತಮಿಳು ಪಂಡಿತರು ಮುಂದೆ ಬಂದು, ತಮಗೆ ಬರುವಷ್ಟು ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದರು: "ಅಯ್ಯಾ, ಕಾಲೇಜಿಗೆ ಪ್ರಿನ್ಸಿಪಾಲ್ ಇಲ್ಲ ಅಂತ ನೀವು ಇವತ್ತು ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು."

ಮೊದಲು ನಕ್ಕವನು ಕೊಂಡಪ್ಪ. ಆಮೇಲೆ ರಾಮಾಂಜಿನಪ್ಪನವರ ಹೊಟ್ಟೆ ಕುಲುಕಿತು. ಅವರು ಕಮಿಟಿಯ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಒಬ್ಬೊಬ್ಬರೂ ತಲೆ ಆಡಿಸಿದರು. ವೆಂಕಟೇಶಪ್ಪ ಸೂರು ನೋಡಿದ, ಆದರೆ ಎದುರಾಡಲಿಲ್ಲ. ಆವುಲಪ್ಪನವರ ಸರದಿ ಬಂದಾಗ ಅವರು, "ನಾನು ಸೋದರಮಾವ, ನಾನು ಮಾತಾಡೋದು ಸರಿಯಲ್ಲ," ಅಂದರು. ಆಮೇಲೆ ಪೇಟ ಸರಿಮಾಡಿಕೊಂಡು, "ಅವಳೇ ಆಡ್ಬುಟ್ಳಲ್ಲ," ಅಂದರು.

"ಹಂಗಾದ್ರೆ ಕೈ ತೆಗೀರಿ ಪ್ರಿನ್ಸಿಪಾಲರಮ್ಮ," ಅಂದರು ರಾಮಾಂಜಿನಪ್ಪನವರು. "ಎಲೆ ಬಾಡೋಗ್ತವೆ."

ಮೊದಲ ವೀಳ್ಯ ಮುನಿರತ್ನಮ್ಮನ ಕೈಗೆ ಬಂತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಮೊದಲ ವೀಳ್ಯ ಪಡೆದವರೇ ಉಳಿದವರಿಗೆ ಹಂಚಬೇಕು. ಅವಳು ತಟ್ಟೆ ಎತ್ತಿಕೊಂಡು ಮೊದಲು ದೂರದಿಂದ ಬಂದ ಕೊಂಡಪ್ಪನಿಗೆ ಕೊಟ್ಟಳು. ಆಮೇಲೆ ಸಾಲು ಹಿಡಿದು ರಾಮಾಂಜಿನಪ್ಪನವರಿಗೆ, ವೆಂಕಟೇಶಪ್ಪನಿಗೆ, ಬಾಗಿಲ ಬಳಿ ಇದ್ದ ಮೇಷ್ಟರುಗಳಿಗೆ.

ಕೊನೆಗೆ ಮಾವನ ಮುಂದೆ ಬಂದು ನಿಂತಳು. ಅವರಿಗೆ ವೀಳ್ಯ ಕೊಡುವುದನ್ನು ಜನ ಎಂದೋ ಬಿಟ್ಟಿದ್ದರು. ಸಭೆಗಳಲ್ಲಿ ತಟ್ಟೆ ಅವರನ್ನು ದಾಟಿಕೊಂಡೇ ಹೋಗುತ್ತಿತ್ತು. ಮುನಿರತ್ನಮ್ಮ ದಾಟಲಿಲ್ಲ. ಆವುಲಪ್ಪನವರು ತಟ್ಟೆಯನ್ನೇ ನೋಡಿದರು. ಹೆಂಡತಿ ಅಂದು ಬೆಳಗಿದ್ದ ತಟ್ಟೆ ಅದು, ಅಂಚಿನ ಬಳ್ಳಿಯ ಕೆತ್ತನೆಯಿಂದಲೇ ಗುರುತು ಸಿಕ್ಕಿತು. ಅವರ ಕಣ್ಣು ತುಂಬಿಬಂತು. ಅದನ್ನು ಮರೆಮಾಚುವ ಗೋಜಿಗೆ ಅವರು ಹೋಗಲಿಲ್ಲ.

"ಸುಣ್ಣ ಒಂಚೂರು ಕಮ್ಮಿ ಹಚ್ಚವ್ವ," ಅಂದರು. "ಅಭ್ಯಾಸ ತಪ್ಪೋಗದೆ."

ಅವಳು ಎರಡೆಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿಕೊಟ್ಟಳು. ಆವುಲಪ್ಪನವರು ಬಾಯಿಗಿಟ್ಟುಕೊಂಡು ಜಗಿದರು. ಹಲ್ಲಿಗೆ ಏನೂ ಆಗಿರಲಿಲ್ಲ.